ಮೆಕೆಂಜಿ ಕಿಂಗ್: ಕೆನಡಾದ ಸೈನ್ಯವನ್ನು ನಾರ್ಮಂಡಿಯ ತೀರಕ್ಕೆ ಕಳುಹಿದ ಪ್ರಧಾನಿ

ಎರಡನೆಯ ಮಹಾಯುದ್ಧದ ಮಾತು ಬಂದಾಗ ನಮ್ಮ ವಿದ್ಯಾರ್ಥಿಗಳ ನಾಲಗೆಯ ಮೇಲೆ ಮೊದಲು ಬರುವ ಹೆಸರುಗಳು ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್, ಹಿಟ್ಲರ್ ಎಂಬವು. ಈ ನಾಲ್ವರ ನೆರಳಿನಲ್ಲಿ ಮರೆಯಾದ ಧುರೀಣರು ಹಲವರುಂಟು. 1944ನೆಯ ಇಸವಿಯ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯವು ಫ್ರಾನ್ಸ್ ದೇಶದ ನಾರ್ಮಂಡಿ ತೀರದಲ್ಲಿ ಇಳಿದಾಗ, ಕಡಲದಂಡೆಯನ್ನು ಐದು ಭಾಗಗಳಾಗಿ ಹಂಚಿಕೊಳ್ಳಲಾಗಿತ್ತು. ಅವುಗಳಲ್ಲಿ ಎರಡು ಅಮೆರಿಕದ ಪಾಲಿಗೆ, ಎರಡು ಬ್ರಿಟನ್ನಿನ ಪಾಲಿಗೆ ಬಂದವು. ಉಳಿದ ಒಂದು ಕೆನಡಾ ದೇಶದ್ದು. ಅಂದು ಆ ದೇಶದ ಜನಸಂಖ್ಯೆ ಒಂದು ಕೋಟಿ ಹತ್ತು ಲಕ್ಷದ ಆಸುಪಾಸಿನಲ್ಲಿತ್ತು. ಹಿಟ್ಲರನಿಗೂ ಕೆನಡಾಕ್ಕೂ ನಡುವೆ ಅಟ್ಲಾಂಟಿಕ್ ಮಹಾಸಾಗರವೇ ಹರಡಿಕೊಂಡಿತ್ತು. ಅಂಥ ದೇಶವು ತನ್ನ ಮಕ್ಕಳನ್ನು ಪರರ ನೆಲದ ಬಿಡುಗಡೆಗಾಗಿ ಏಕೆ ಕಳುಹಿತು ಎಂಬ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಜೀವನದಲ್ಲಿ ದೊರೆಯುತ್ತದೆ. ಆತನೇ ವಿಲಿಯಂ ಲಯನ್ ಮೆಕೆಂಜಿ ಕಿಂಗ್. ಕಿಂಗ್ ಎಂಬುದು ಅವರ ಅಡ್ಡಹೆಸರಷ್ಟೆ. ರಾಜತ್ವದ ಗತ್ತು ಅವರಲ್ಲಿ ಲವಲೇಶವೂ ಇರಲಿಲ್ಲ.

ಕಿಂಗ್ ಅವರು 1874ನೆಯ ಡಿಸೆಂಬರ್ 17ರಂದು ಆಂಟೇರಿಯೊ ಪ್ರಾಂತದ ಬರ್ಲಿನ್ ಎಂಬ ಊರಿನಲ್ಲಿ ಜನಿಸಿದರು. ಜರ್ಮನ್ ಮೂಲದ ಜನರೇ ಹೆಚ್ಚಾಗಿದ್ದ ಆ ಊರಿಗೆ ಮೊದಲ ಮಹಾಯುದ್ಧದ ಕಾಲದಲ್ಲಿ ಕಿಚನರ್ ಎಂದು ಹೆಸರು ಬದಲಾಯಿಸಲಾಯಿತು. ಅವರ ತಾಯಿಯ ತಂದೆ ವಿಲಿಯಂ ಲಯನ್ ಮೆಕೆಂಜಿ 1837ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ದಂಗೆಯೆದ್ದು, ಸೋತು, ಅಮೆರಿಕಕ್ಕೆ ತಲೆತಪ್ಪಿಸಿಕೊಂಡು ಹೋಗಿದ್ದವರು. ತಾತನ ಹೆಸರನ್ನು ಹೊತ್ತ ಮೊಮ್ಮಗನಿಗೆ ತಾಯಿಯ ಬಾಯಿಂದ ಆ ಕಥೆಗಳನ್ನು ಕೇಳಿ ಕೇಳಿ, ಆತನ ಅಪೂರ್ಣ ಕಾರ್ಯವನ್ನು ಪೂರೈಸುವುದೇ ತನ್ನ ಬಾಳಿನ ಗುರಿಯೆಂಬ ಭಾವನೆ ಬೆಳೆಯಿತು. ಆದರೆ ತಾತನ ದಾರಿ ಬಂದೂಕಿನದು, ಮೊಮ್ಮಗನ ದಾರಿ ತಾಳ್ಮೆಯದು. ಟೊರಾಂಟೊ, ಶಿಕಾಗೊ, ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿ ಡಾಕ್ಟರೇಟ್ ಪದವಿಯನ್ನೂ ಪಡೆದರು. 1900ರಲ್ಲಿ ಹೊಸದಾಗಿ ಸ್ಥಾಪಿತವಾದ ಕಾರ್ಮಿಕ ಇಲಾಖೆಯನ್ನು ಸೇರಿ, ಮುಷ್ಕರಗಳ ಸಂಧಾನದಲ್ಲಿ ಹೆಸರು ಗಳಿಸಿದರು. ಇಬ್ಬರು ಜಗಳವಾಡುವಾಗ ಇಬ್ಬರೂ ದಣಿಯುವವರೆಗೆ ಕಾಯುವ ವಿದ್ಯೆಯನ್ನು ಅವರು ಕಲಿತದ್ದು ಅಲ್ಲಿಯೇ.

ಭಾರತೀಯರಾದ ನಾವು ಈ ಸಂದರ್ಭದಲ್ಲಿ ಒಂದು ಕಹಿಸಂಗತಿಯನ್ನು ಮರೆಯುವಂತಿಲ್ಲ. ಕೆನಡಾದ ಪಶ್ಚಿಮ ಕರಾವಳಿಗೆ ಪಂಜಾಬಿನಿಂದ ಸಿಖ್ಖರು ವಲಸೆ ಹೋಗುತ್ತಿದ್ದ ಕಾಲವದು. ಅವರನ್ನು ತಡೆಯುವ ಬಗೆಯನ್ನು ಬ್ರಿಟಿಷ್ ಸರಕಾರದೊಡನೆ ಗುಟ್ಟಾಗಿ ಚರ್ಚಿಸಲು 1908ರಲ್ಲಿ ಲಂಡನ್ನಿಗೆ ಹೋದವರು ಕಿಂಗ್. ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಪ್ರಯಾಣ ಮಾಡಿ ಬಂದವರಿಗೆ ಮಾತ್ರ ಪ್ರವೇಶವೆಂಬ ಕಟ್ಟಳೆಯನ್ನು ಅವರ ವರದಿ ಸಮರ್ಥಿಸಿತು. ಭಾರತದಿಂದ ಅಂಥ ನೇರ ಹಡಗೇ ಇಲ್ಲದಂತೆ ನೋಡಿಕೊಂಡದ್ದರಿಂದ ಬಾಗಿಲು ತಾನಾಗಿಯೇ ಮುಚ್ಚಿತು. ಮರುವರ್ಷ ಷಾಂಘೈ ನಗರದ ಅಫೀಮು ಸಮ್ಮೇಳನಕ್ಕೆ ಹೋಗುವ ಮಾರ್ಗದಲ್ಲಿ ಅವರು ಕಲ್ಕತ್ತೆಗೂ ಬಂದಿದ್ದರು. 1914ರಲ್ಲಿ ಕೊಮಗಾಟ ಮಾರು ಹಡಗಿನ 376 ಪ್ರಯಾಣಿಕರಲ್ಲಿ ಬಹುತೇಕ ಎಲ್ಲರನ್ನೂ ವ್ಯಾಂಕೂವರ್ ಬಂದರಿನಿಂದ ಹಿಂದಕ್ಕೆ ಅಟ್ಟಿದ್ದು ಈ ಕಟ್ಟಳೆಯ ಬಲದಿಂದಲೇ. ಆಗ ಕಿಂಗ್ ಅಧಿಕಾರದಲ್ಲಿರಲಿಲ್ಲವಾದರೂ ಆ ನೀತಿಯಲ್ಲಿ ಅವರ ಕೈವಾಡವಿತ್ತು. ಪರರ ಸ್ವಾತಂತ್ರ್ಯಕ್ಕಾಗಿ ಸೈನ್ಯ ಕಳುಹಿದವರೂ ತಮ್ಮ ಮನೆಯ ಬಾಗಿಲಲ್ಲಿ ಎಷ್ಟು ಸಂಕುಚಿತರಾಗಿರಬಲ್ಲರು ಎಂಬುದಕ್ಕೆ ಇದು ನಿದರ್ಶನ.

ಕಿಂಗ್ ಅವರ ರಾಜಕೀಯವನ್ನೆಲ್ಲ ರೂಪಿಸಿದ ಘಟನೆ 1917ರದು. 1914ರಲ್ಲಿ ಬ್ರಿಟನ್ ಯುದ್ಧ ಘೋಷಿಸಿದೊಡನೆ ಕೆನಡಾ ತಾನಾಗಿಯೇ ಯುದ್ಧದಲ್ಲಿ ಸಿಲುಕಿತ್ತು. ಅದರ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಮೂರು ವರ್ಷಗಳಲ್ಲಿ ಸ್ವಯಂಸೇವಕರು ಸಾಲದಾದಾಗ ಪ್ರಧಾನಿ ಬೋರ್ಡನ್ ಅವರು ಕಡ್ಡಾಯ ಸೈನ್ಯಭರ್ತಿಯ ಕಾನೂನನ್ನು ತಂದರು. ಇಂಗ್ಲಿಷ್ ಮಾತನಾಡುವ ಪ್ರಾಂತಗಳು ಅದನ್ನು ಒಪ್ಪಿದವು. ಫ್ರೆಂಚ್ ಮಾತನಾಡುವ ಕ್ವಿಬೆಕ್ ಪ್ರಾಂತ ಒಪ್ಪಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಯುದ್ಧಕ್ಕೆ ತಮ್ಮ ಮಕ್ಕಳನ್ನು ಬಲವಂತದಿಂದ ಒಯ್ಯುವುದು ಅನ್ಯಾಯವೆಂದು ಅಲ್ಲಿಯ ಜನರ ಭಾವನೆ. 1918ರ ಈಸ್ಟರ್ ಹಬ್ಬದ ದಿನಗಳಲ್ಲಿ ಕ್ವಿಬೆಕ್ ನಗರದಲ್ಲಿ ದಂಗೆಯಾಗಿ, ಸೈನಿಕರ ಗುಂಡಿಗೆ ನಾಗರಿಕರು ಬಲಿಯಾದರು. ಲಿಬರಲ್ ಪಕ್ಷವೇ ಇಬ್ಭಾಗವಾಯಿತು. ವೃದ್ಧ ನಾಯಕ ಲೋರಿಯೇ ಅವರ ಪಕ್ಷವನ್ನು ಬಿಡದೆ ನಿಂತ ಕೆಲವೇ ಇಂಗ್ಲಿಷ್ ಭಾಷಿಕರಲ್ಲಿ ಕಿಂಗ್ ಒಬ್ಬರು. ಆ ಚುನಾವಣೆಯಲ್ಲಿ ಸೋತರು ಸಹ. ಆದರೆ ಅದೇ ನಿಷ್ಠೆ ಫಲ ಕೊಟ್ಟಿತು. ಲೋರಿಯೇ ತೀರಿಕೊಂಡ ಮೇಲೆ 1919ರಲ್ಲಿ ಕಿಂಗ್ ಪಕ್ಷದ ನಾಯಕರಾದರು, 1921ರ ಕೊನೆಗೆ ಪ್ರಧಾನಿಯಾದರು. ನಡುವೆ ಬಿಟ್ಟುಬಿಟ್ಟು ಒಟ್ಟು 21 ವರ್ಷಗಳಿಗೂ ಹೆಚ್ಚು ಕಾಲ ಆ ಪದವಿಯಲ್ಲಿದ್ದರು. ಆ ದೇಶದಲ್ಲಿ ಅಷ್ಟು ದೀರ್ಘಕಾಲ ಆಳಿದವರು ಮತ್ತೊಬ್ಬರಿಲ್ಲ.

ದೇಶವನ್ನು ಒಡೆಯದಂತೆ ಕಾಯುವುದು, ಬ್ರಿಟನ್ನಿನ ಕೈಗೂಸಾಗದಂತೆ ಬೆಳೆಸುವುದು ಎಂಬ ಎರಡು ಸಂಕಲ್ಪಗಳನ್ನು ಅವರು ಎಂದೂ ಬಿಡಲಿಲ್ಲ. 1922ರಲ್ಲಿ ತುರ್ಕಸ್ಥಾನದ ಚಾನಕ್ ಎಂಬಲ್ಲಿ ಯುದ್ಧದ ಸಂಭವ ಉಂಟಾಗಿ ಬ್ರಿಟನ್ ಸೈನ್ಯ ಕೇಳಿದಾಗ, ಪಾರ್ಲಿಮೆಂಟು ನಿರ್ಧರಿಸಬೇಕೆಂದು ಉತ್ತರಿಸಿ ಸುಮ್ಮನಾದರು. ಪಾರ್ಲಿಮೆಂಟು ಸೇರುವಷ್ಟರಲ್ಲಿ ಯುದ್ಧದ ಭಯವೇ ಕಳೆದಿತ್ತು. 1926ರ ಲಂಡನ್ ಸಮ್ಮೇಳನ, 1931ರ ವೆಸ್ಟ್‌ಮಿನ್‌ಸ್ಟರ್ ಶಾಸನಗಳಿಂದ ಕೆನಡಾ ಮೊದಲಾದ ಡೊಮಿನಿಯನ್ನುಗಳು ಬ್ರಿಟನ್ನಿಗೆ ಸರಿಸಮಾನವೆಂಬ ತತ್ತ್ವ ಸ್ಥಾಪಿತವಾಯಿತು. 1937ರ ಜೂನ್ ತಿಂಗಳಲ್ಲಿ ಕಿಂಗ್ ಅವರು ಬರ್ಲಿನ್ನಿನಲ್ಲಿ ಹಿಟ್ಲರನನ್ನು ಕಂಡು ಮಾತನಾಡಿದರು. ಆತ ಯುದ್ಧ ಬಯಸುವವನಲ್ಲವೆಂದು ನಂಬಿ ಬಂದದ್ದು ಅವರ ಜೀವನದ ದೊಡ್ಡ ಪ್ರಮಾದ. ಆದರೂ ಬ್ರಿಟನ್ನಿಗೆ ಅಪಾಯ ಒದಗಿದರೆ ಕೆನಡಾ ಅದರ ಬೆನ್ನಿಗೆ ನಿಲ್ಲುವುದೆಂದು ಆ ಭೇಟಿಯಲ್ಲಿಯೇ ತಿಳಿಸಿದ್ದರು.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿತು. ಅದೇ ದಿನ ನಮ್ಮ ದೇಶದಲ್ಲಿ ವೈಸರಾಯ್ ಲಿನ್‌ಲಿತ್‌ಗೊ ಅವರು ಯಾವ ಜನನಾಯಕನನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಇದನ್ನು ಪ್ರತಿಭಟಿಸಿ ಮುಂಬಯಿ, ಮದರಾಸು ಮೊದಲಾದ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತದ್ದನ್ನು ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಭಾಗದ ಹಿರಿಯರು ಕಣ್ಣಾರೆ ಕಂಡಿದ್ದರು. ಕೆನಡಾ ಏಳು ದಿನ ಕಾಯಿತು. ಪಾರ್ಲಿಮೆಂಟು ಸೇರಿ, ಚರ್ಚಿಸಿ, ಒಪ್ಪಿಗೆಯಿತ್ತ ನಂತರ ಸೆಪ್ಟೆಂಬರ್ 10ರಂದು ತನ್ನದೇ ಹೆಸರಿನಲ್ಲಿ ಯುದ್ಧ ಘೋಷಿಸಿತು. ಫಲ ಒಂದೇ ಆದರೂ, ಕೇಳಿ ಸೇರಿದ್ದಕ್ಕೂ ಕೇಳದೆ ಸೇರಿಸಿದ್ದಕ್ಕೂ ಇರುವ ಅಂತರ ಎಷ್ಟೆಂಬುದನ್ನು ಪರತಂತ್ರದ ಅನುಭವವುಳ್ಳ ನಮಗೆ ಬೇರೆ ಹೇಳಬೇಕಾಗಿಲ್ಲ. ಕ್ವಿಬೆಕ್ ಪ್ರಾಂತದ ಸಮ್ಮತಿಗಾಗಿ ಕಿಂಗ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿ ಲಪಾಂತ್ ಅವರು ಒಂದು ವಚನ ಕೊಟ್ಟಿದ್ದರು. ಸಮುದ್ರದಾಚೆಯ ಯುದ್ಧಕ್ಕೆ ಯಾರನ್ನೂ ಬಲವಂತದಿಂದ ಕಳುಹುವುದಿಲ್ಲ ಎಂಬುದೇ ಆ ವಚನ. ಮುಂದೆ ಅವರ ಕೊರಳಿಗೆ ಸುತ್ತಿಕೊಂಡದ್ದು ಇದೇ.

ಯುದ್ಧಕ್ಕೆ ಸೇರಿದರೂ ರಕ್ತಪಾತ ಆದಷ್ಟು ಕಡಿಮೆಯಾಗಲಿ ಎಂಬುದು ಕಿಂಗ್ ಅವರ ಒಳ ಅಪೇಕ್ಷೆ. ಮೊದಲ ಮಹಾಯುದ್ಧ ಕೆನಡಾದ ಸುಮಾರು 60,000 ಜನರನ್ನು ನುಂಗಿತ್ತು. ಆದ್ದರಿಂದ ದೊಡ್ಡ ಪದಾತಿಸೈನ್ಯಕ್ಕಿಂತ ಕಾರ್ಖಾನೆ, ಹಡಗು, ಗೋಧಿ, ವಿಮಾನಗಳ ಮೂಲಕ ನೆರವಾಗುವುದು ಲೇಸೆಂದು ಅವರು ಬಗೆದರು. 1939ರ ಡಿಸೆಂಬರಿನಲ್ಲಿ ಸಹಿಯಾದ ಕಾಮನ್‌ವೆಲ್ತ್ ವಿಮಾನ ತರಬೇತಿ ಯೋಜನೆಯಂತೆ ಯುದ್ಧ ಮುಗಿಯುವಷ್ಟರಲ್ಲಿ ಕೆನಡಾದ ನೆಲದಲ್ಲಿ 1,30,000ಕ್ಕೂ ಹೆಚ್ಚು ಮಂದಿ ವೈಮಾನಿಕ ಶಿಕ್ಷಣ ಪಡೆದರು. ಆಕಾಶದ ಯುದ್ಧದಲ್ಲಿ ಸಾವು ಕಡಿಮೆಯೆಂಬ ಎಣಿಕೆ ಮಾತ್ರ ಸುಳ್ಳಾಯಿತು. ಬಾಂಬರ್ ವಿಮಾನಪಡೆಯೊಂದರಲ್ಲಿಯೇ ಸುಮಾರು 10,000 ಕೆನಡಿಯನ್ನರು ಮಡಿದರು. 1940ರಲ್ಲಿ ಫ್ರಾನ್ಸ್ ಕುಸಿದ ಮೇಲೆ ಎಲ್ಲ ಲೆಕ್ಕಾಚಾರವೂ ತಲೆಕೆಳಗಾಯಿತು. ರಷ್ಯ, ಅಮೆರಿಕ ದೇಶಗಳು ಇನ್ನೂ ಹೊರಗಿದ್ದ ಆ ಒಂದು ವರ್ಷ ಬ್ರಿಟನ್ನಿನ ಮಿತ್ರರಲ್ಲಿ ಕೆನಡಾಕ್ಕಿಂತ ಬಲಿಷ್ಠವಾದದ್ದು ಮತ್ತೊಂದಿರಲಿಲ್ಲ. ಅದೇ ವರ್ಷ ಕಿಂಗ್ ಅವರು ರೂಸ್‌ವೆಲ್ಟರೊಡನೆ ಆಗ್ಡನ್ಸ್‌ಬರ್ಗ್ ಒಪ್ಪಂದ ಮಾಡಿಕೊಂಡು ತಮ್ಮ ಖಂಡದ ರಕ್ಷಣೆಯನ್ನು ಅಮೆರಿಕದೊಡನೆ ಹೆಣೆದರು.

ಕೆನಡಾದ ಮೊದಲ ಡಿವಿಜನ್ 1939ರ ಡಿಸೆಂಬರಿನಲ್ಲಿಯೇ ಬ್ರಿಟನ್ನಿಗೆ ತಲುಪಿತ್ತು. ಬಳಿಕ ಬಂದ ದಳಗಳೂ ಸೇರಿ ಒಂದು ಪೂರ್ಣ ಸೈನ್ಯವೇ ಅಲ್ಲಿ ಕವಾಯತು ಮಾಡುತ್ತ ಕಾಲ ಕಳೆಯಿತು. ಹೋರಾಟದ ರುಚಿ ಸಿಕ್ಕದ್ದು ಎರಡು ಸಲ, ಎರಡೂ ಘೋರವಾದವು. 1941ರ ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಜಪಾನಿನ ವಶವಾದಾಗ ಅಲ್ಲಿದ್ದ 1,975 ಕೆನಡಿಯನ್ನರಲ್ಲಿ ಬದುಕುಳಿದವರೆಲ್ಲ ಸೆರೆಯಾದರು. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಸುಮಾರು 5,000 ಕೆನಡಿಯನ್ನರು ಭಾಗವಹಿಸಿದರು. ಕೆಲವೇ ಗಂಟೆಗಳಲ್ಲಿ 900ಕ್ಕೂ ಹೆಚ್ಚು ಮಂದಿ ಸತ್ತರು, 1,900ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು.

ಇಷ್ಟಾದ ಮೇಲೂ ಸೈನ್ಯವನ್ನು ಸುಮ್ಮನೆ ಕೂರಿಸುವಂತಿರಲಿಲ್ಲ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಭಾರತಗಳ ಸೈನಿಕರು ಆಫ್ರಿಕದ ಮರಳಿನಲ್ಲಿ ಹೋರಾಡುತ್ತಿರುವಾಗ ನಮ್ಮವರು ಇಂಗ್ಲೆಂಡಿನಲ್ಲಿ ಕಾಯುವುದೇಕೆ ಎಂದು ಕೆನಡಾದ ಪತ್ರಿಕೆಗಳು ಕೇಳತೊಡಗಿದವು. ಯುದ್ಧದಲ್ಲಿ ಕಾದಾಡದ ರಾಷ್ಟ್ರಕ್ಕೆ ಶಾಂತಿಯ ಮಾತುಕತೆಯಲ್ಲಿ ಸ್ಥಾನವೆಲ್ಲಿಂದ ಬರಬೇಕು ಎಂಬ ಚಿಂತೆಯೂ ಇತ್ತು. ಕಿಂಗ್ ಅವರ ಒತ್ತಾಯದ ಮೇಲೆ 1943ರ ಜುಲೈ 10ರಂದು ಸಿಸಿಲಿ ದ್ವೀಪದ ಮೇಲಿನ ದಾಳಿಯಲ್ಲಿ ಕೆನಡಾದ ಮೊದಲ ಡಿವಿಜನ್ ಸೇರಿತು. ದಾಳಿಯ ಬಗ್ಗೆ ಸಿದ್ಧವಾಗಿದ್ದ ಪ್ರಕಟಣೆಯಲ್ಲಿ ಕೆನಡಾದ ಹೆಸರೇ ಇರಲಿಲ್ಲ. ಕಿಂಗ್ ಅವರು ರೂಸ್‌ವೆಲ್ಟರವರೆಗೂ ದೂರೊಯ್ದು ಆ ಹೆಸರನ್ನು ಸೇರಿಸುವಂತೆ ಮಾಡಿದರು. ಹೆಸರಿಗಾಗಿ ಇಷ್ಟು ಹಠವೇಕೆಂದು ನಕ್ಕವರಿದ್ದಾರೆ. ಮಗನನ್ನು ಕಳುಹಿದ ಮನೆಯವರು ಮರುದಿನ ಬೆಳಗ್ಗೆ ಪತ್ರಿಕೆಯಲ್ಲಿ ಆ ಹೆಸರನ್ನೇ ಹುಡುಕುವರೆಂಬುದನ್ನು ನಗುವವರು ಅರಿಯರು. ಅಲ್ಲಿಂದ ಆ ಡಿವಿಜನ್ ಇಟಲಿಗೆ ಹೋಯಿತು. 1944ರ ಮೇ ತಿಂಗಳಲ್ಲಿ ಕಸಿನೊ ಬಳಿ ನದಿ ದಾಟಿದ ನಮ್ಮ ಎಂಟನೆಯ ಭಾರತೀಯ ಡಿವಿಜನ್ನಿನ ಬೆಂಬಲಕ್ಕೆ ಬಂದ ಟ್ಯಾಂಕುಗಳು ಕೆನಡಾದವೇ ಆಗಿದ್ದವು.

1943ರ ಆಗಸ್ಟಿನಲ್ಲಿ ಚರ್ಚಿಲ್, ರೂಸ್‌ವೆಲ್ಟರು ಕ್ವಿಬೆಕ್ ನಗರದಲ್ಲಿ ಸೇರಿ, ಮುಂದಿನ ವಸಂತದಲ್ಲಿ ಫ್ರಾನ್ಸಿಗೆ ಇಳಿಯುವ ಯೋಜನೆಯನ್ನು ಒಪ್ಪಿದರು. ಕಿಂಗ್ ಅಲ್ಲಿ ಆತಿಥೇಯರು. ಇಬ್ಬರೊಡನೆ ಛಾಯಾಚಿತ್ರದಲ್ಲಿ ಕುಳಿತರು. ಯುದ್ಧತಂತ್ರದ ಸಭೆಗಳಲ್ಲಿ ಕುಳಿತುಕೊಳ್ಳಲಿಲ್ಲ. ತಮ್ಮ ದೇಶದ ತರುಣರು ಎಲ್ಲಿ, ಎಂದು ಇಳಿಯಬೇಕೆಂಬುದನ್ನು ಪರರು ನಿರ್ಧರಿಸಲು ಬಿಟ್ಟದ್ದು ಸರಿಯೆ? ಇತಿಹಾಸಕಾರರು ಇದನ್ನು ಟೀಕಿಸಿದ್ದುಂಟು. ಆದರೆ ಯುದ್ಧತಂತ್ರದಲ್ಲಿ ಪಾಲು ಬೇಡಿದರೆ ಸೈನಿಕರ ಲೆಕ್ಕವನ್ನೂ ಕೊಡಬೇಕಾಗುತ್ತದೆ, ಆ ಲೆಕ್ಕ ಕಡ್ಡಾಯ ಭರ್ತಿಯವರೆಗೆ ಎಳೆಯುತ್ತದೆ ಎಂಬುದು ಕಿಂಗ್ ಅವರಿಗೆ ತಿಳಿದಿತ್ತೆಂದು ನಮಗೆ ತೋರುತ್ತದೆ. ಪ್ರತಿಯೊಂದು ದೇಶಕ್ಕೂ ಅದು ಯಾವ ಕ್ಷೇತ್ರದಲ್ಲಿ ಹೆಚ್ಚು ಹೊರೆ ಹೊರುತ್ತದೆಯೋ ಆ ಕ್ಷೇತ್ರದಲ್ಲಿ ದನಿಯಿರಲಿ ಎಂಬ ತತ್ತ್ವವನ್ನು ಅವರು ಅದೇ ಬೇಸಗೆಯಲ್ಲಿ ಪಾರ್ಲಿಮೆಂಟಿನಲ್ಲಿ ಮಂಡಿಸಿದ್ದರು. 1944ರ ಮೇ ತಿಂಗಳಲ್ಲಿ ಲಂಡನ್ನಿಗೆ ಹೋದಾಗಲೂ, ದಾಳಿಯನ್ನು ಅವಸರಿಸದೆ ಪೂರ್ಣ ಸಿದ್ಧತೆಯವರೆಗೆ ತಡೆದದ್ದು ಲೇಸಾಯಿತೆಂಬುದೇ ಅವರ ಅಭಿಪ್ರಾಯವಾಗಿತ್ತು.

ಜೂನ್ 6ರ ಬೆಳಗ್ಗೆ ಜೂನೊ ಎಂಬ ಗುಪ್ತನಾಮದ ತೀರದಲ್ಲಿ ಕೆನಡಾದ ಮೂರನೆಯ ಡಿವಿಜನ್ ಇಳಿಯಿತು. ಕೂರ್ಸಲ್, ಬರ್ನಿಯೇರ್, ಸೇಂಟ್ ಓಬ್ಯಾಂ ಎಂಬ ಹಳ್ಳಿಗಳ ಮುಂದಿನ ಮರಳದಂಡೆ ಅದು. ದಿನವಿಡೀ ಸುಮಾರು 14,000 ಕೆನಡಿಯನ್ನರು ದಡ ಸೇರಿದರು. ಕಡಲಿನಲ್ಲಿ ಅವರ 110 ಹಡಗುಗಳಿದ್ದವು. ಮೊದಲ ಅಲೆಯಲ್ಲಿ ಇಳಿದ ಕೆಲವು ತುಕಡಿಗಳು ನೀರಿನಿಂದ ಕಡಲಗೋಡೆಯವರೆಗಿನ ಬಯಲನ್ನು ದಾಟುವಷ್ಟರಲ್ಲಿ ಅರ್ಧಕ್ಕರ್ಧ ಕರಗಿದವು. ಸಂಜೆಯ ಹೊತ್ತಿಗೆ 1,000ಕ್ಕೂ ಹೆಚ್ಚು ಮಂದಿಗೆ ಸಾವುನೋವು ಸಂಭವಿಸಿತ್ತು, ಅವರಲ್ಲಿ 350ಕ್ಕೂ ಮಿಕ್ಕಿ ಮೃತರು. ಆದರೂ ಅವರು ಒಳನಾಡಿನತ್ತ ಮೈಲುಗಟ್ಟಲೆ ಮುನ್ನಡೆದಿದ್ದರು. ಅಂದು ಇಳಿದವರಲ್ಲಿ ಕ್ವಿಬೆಕ್ಕಿನ ಶೋದಿಯೇರ್ ರೆಜಿಮೆಂಟು ಎಂಬ ಫ್ರೆಂಚ್ ಭಾಷಿಕ ದಳವೊಂದಿತ್ತು. ಬರ್ನಿಯೇರ್ ಹಳ್ಳಿಯ ಜನರಿಗೆ ಸಮುದ್ರದ ಕಡೆಯಿಂದ ಬಂದ ಸೈನಿಕರ ಬಾಯಲ್ಲಿ ತಮ್ಮದೇ ನುಡಿ ಕೇಳಿದಾಗ ಆದ ಆಶ್ಚರ್ಯವನ್ನು ನಾವು ಊಹಿಸಿಕೊಳ್ಳಬಹುದು. ಅವರೆಲ್ಲ ಇಚ್ಛೆಯಿಂದ ಬಂದವರು, ಒಬ್ಬನೂ ಬಲವಂತದ ಸೈನಿಕನಲ್ಲ. ಕಿಂಗ್ ಅವರು ಐದು ವರ್ಷ ಕಾಪಾಡಿಕೊಂಡು ಬಂದ ವಚನ ಅಂದಿಗೂ ಮುರಿದಿರಲಿಲ್ಲ.

ಮುರಿಯುವ ಕಾಲ ದೂರವಿರಲಿಲ್ಲ. 1942ರ ಏಪ್ರಿಲಿನಲ್ಲಿ ಅವರು ತಮ್ಮ ವಚನದಿಂದ ಬಿಡುಗಡೆ ಬೇಡಿ ಜನಾಭಿಪ್ರಾಯ ಸಂಗ್ರಹಿಸಿದ್ದರು. ದೇಶದ ಬಹುಮತ ಒಪ್ಪಿತು; ಕ್ವಿಬೆಕ್ಕಿನಲ್ಲಿ ಶೇಕಡಾ 70ಕ್ಕೂ ಹೆಚ್ಚು ಜನ ಬೇಡವೆಂದರು. ವಚನ ಕೇಳಿ ಪಡೆದವರು ಒಬ್ಬರು, ಬಿಡುಗಡೆ ಕೊಟ್ಟವರು ಇನ್ನೊಬ್ಬರು ಎಂಬ ವಿಚಿತ್ರ ಸ್ಥಿತಿ. ಅಧಿಕಾರ ಕೈಗೆ ಬಂದರೂ ಕಿಂಗ್ ಅದನ್ನು ಬಳಸದೆ ಎರಡು ವರ್ಷ ತಳ್ಳಿದರು. ನಾರ್ಮಂಡಿಯ ಹೋರಾಟದಲ್ಲಿ 5,000ಕ್ಕೂ ಹೆಚ್ಚು ಕೆನಡಿಯನ್ನರು ಸತ್ತರು. ಅಕ್ಟೋಬರಿನಲ್ಲಿ ಷೆಲ್ಟ್ ನದೀಮುಖದ ಕೆಸರಿನಲ್ಲಿ ಇನ್ನೂ ಸಾವಿರಾರು ಮಂದಿ ಬಿದ್ದರು. ಗಾಯ ಮಾಯುವ ಮುನ್ನವೇ ಸೈನಿಕರನ್ನು ಮತ್ತೆ ಮುಂಚೂಣಿಗೆ ಕಳುಹುವ ಪರಿಸ್ಥಿತಿ ಬಂದಿತು. ಯುದ್ಧಮಂತ್ರಿ ರಾಲ್ಸ್‌ಟನ್ ಅವರು ಯೂರೋಪಿಗೆ ಹೋಗಿ ಕಣ್ಣಾರೆ ಕಂಡು ಬಂದು, ದೇಶದೊಳಗಿನ ರಕ್ಷಣೆಗೆಂದು ಕಡ್ಡಾಯವಾಗಿ ಭರ್ತಿ ಮಾಡಿದ್ದವರನ್ನು ಕಳುಹಲೇಬೇಕೆಂದು ಪಟ್ಟು ಹಿಡಿದರು.

ಕಿಂಗ್ ಅವರ ನಡೆ ಇಲ್ಲಿ ಮೆಚ್ಚುವಂಥದಲ್ಲ. 1942ರಲ್ಲಿ ರಾಲ್ಸ್‌ಟನ್ ಸಲ್ಲಿಸಿದ್ದ, ಎಂದೋ ಮರೆತುಹೋಗಿದ್ದ ರಾಜೀನಾಮೆಯ ಪತ್ರ ಅವರ ಬಳಿಯಲ್ಲಿತ್ತು. 1944ರ ನವೆಂಬರ್ 1ರಂದು ಮಂತ್ರಿಮಂಡಲದ ಸಭೆಯಲ್ಲಿಯೇ ಅದನ್ನು ಈಗ ಸ್ವೀಕರಿಸಿರುವುದಾಗಿ ಪ್ರಕಟಿಸಿಬಿಟ್ಟರು. ರಾಲ್ಸ್‌ಟನ್ ಕೈಕುಲುಕಿ ಹೊರನಡೆದರು, ಬಂಡಾಯ ಹೂಡಲಿಲ್ಲ. ಅದು ಆ ಮನುಷ್ಯನ ದೊಡ್ಡತನ. ಅವರ ಸ್ಥಾನಕ್ಕೆ ಬಂದ ಜನರಲ್ ಮೆಕ್‌ನಾಟನ್ ಅವರು ಸ್ವಯಂಸೇವಕರನ್ನು ಕೂಡಿಸುವೆನೆಂದು ಊರೂರು ತಿರುಗಿ ಮೂರು ವಾರಗಳಲ್ಲಿ ಸೋತರು. ನವೆಂಬರ್ 22ರಂದು ಸೇನಾಧಿಕಾರಿಗಳು ಇದು ಆಗದ ಕೆಲಸವೆಂದು ತಿಳಿಸಿದರು. ಮರುದಿನವೇ ಕಿಂಗ್ ತಿರುಗಿ ನಿಂತು 16,000 ಕಡ್ಡಾಯ ಸೈನಿಕರನ್ನು ಕಳುಹಲು ಆಜ್ಞೆ ಹೊರಡಿಸಿದರು. ಕ್ವಿಬೆಕ್ಕಿನ ಮಂತ್ರಿ ಪವರ್ ರಾಜೀನಾಮೆಯಿತ್ತರು. ಆದರೆ ಸೇಂಟ್ ಲೋರಾಂ ಅವರು ಕಿಂಗ್ ಅವರ ಬದಿಯಲ್ಲಿಯೇ ಉಳಿದರು. ಪಕ್ಷ ಒಡೆಯಲಿಲ್ಲ, ದೇಶವೂ 1918ರಂತೆ ಉರಿಯಲಿಲ್ಲ. ಇಷ್ಟು ಕೋಲಾಹಲವೆಬ್ಬಿಸಿದ ಆ ಕಡ್ಡಾಯ ಸೈನಿಕರಲ್ಲಿ ಸುಮಾರು 13,000 ಮಂದಿ ಮಾತ್ರ ಸಾಗರ ದಾಟಿದರು. ಯುದ್ಧದ ದಳಗಳನ್ನು ಮುಟ್ಟಿದವರು ಸುಮಾರು 2,400. ರಣರಂಗದಲ್ಲಿ ಸತ್ತವರು 69. ಕ್ವಿಬೆಕ್ ಆ ಅಂಕಿಗಳನ್ನಲ್ಲ, ಕಿಂಗ್ ಎಷ್ಟು ಕಾಲ ಎದುರಿಸಿ ನಿಂತರೆಂಬುದನ್ನು ನೆನಪಿನಲ್ಲಿಟ್ಟುಕೊಂಡಿತು. 1945ರ ಜೂನ್ ಚುನಾವಣೆಯಲ್ಲಿ ಆ ಪ್ರಾಂತವೇ ಅವರನ್ನು ಗೆಲ್ಲಿಸಿತು. ಸೈನಿಕರ ಮತ ಮಾತ್ರ ಅವರ ವಿರುದ್ಧ ಬಿದ್ದು, ಪ್ರಿನ್ಸ್ ಆಲ್ಬರ್ಟ್ ಎಂಬ ಸ್ವಂತ ಕ್ಷೇತ್ರದಲ್ಲಿ ಅವರು ಸೋತು, ಬೇರೆ ಕ್ಷೇತ್ರದಿಂದ ಆರಿಸಿ ಬರಬೇಕಾಯಿತು.

ಯುದ್ಧಕಾಲದ ಅವರ ಆಡಳಿತದ ಮೇಲೆ ಕಪ್ಪು ಚುಕ್ಕೆಗಳಿವೆ. 1942ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 22,000 ಜಪಾನಿ ಮೂಲದವರನ್ನು, ಅವರಲ್ಲಿ ಹೆಚ್ಚಿನವರು ಕೆನಡಾದಲ್ಲಿಯೇ ಹುಟ್ಟಿದವರಾಗಿದ್ದರೂ, ಮನೆಮಠ ಬಿಡಿಸಿ ದೂರಕ್ಕೆ ಸಾಗಿಸಲಾಯಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಿಗೂ ಆ ದೇಶದ ಬಾಗಿಲು ತೆರೆಯಲಿಲ್ಲ. ಕೆನಡಾದ ಸರಕಾರವು ಜಪಾನಿ ಮೂಲದವರ ಕ್ಷಮೆಯನ್ನು 1988ರಲ್ಲಿ, ಕೊಮಗಾಟ ಮಾರು ಪ್ರಯಾಣಿಕರ ವಂಶಜರ ಕ್ಷಮೆಯನ್ನು 2016ರಲ್ಲಿ, ಯಹೂದಿಗಳ ಕ್ಷಮೆಯನ್ನು 2018ರಲ್ಲಿ ಬೇಡಿತು.

1947ರ ಜನವರಿ 1ರಿಂದ ಕೆನಡಾದ ಪೌರತ್ವ ಕಾನೂನು ಜಾರಿಗೆ ಬಂದಿತು. ಅಲ್ಲಿಯವರೆಗೆ ಕಾನೂನಿನ ದೃಷ್ಟಿಯಲ್ಲಿ ಬ್ರಿಟಿಷ್ ಪ್ರಜೆಗಳಾಗಿದ್ದವರು ಅಂದಿನಿಂದ ಕೆನಡಾದ ಪೌರರಾದರು. ಮೊದಲನೆಯ ಪೌರತ್ವ ಪತ್ರವನ್ನು ಕಿಂಗ್ ಅವರೇ ಪಡೆದರು. ಬ್ರಿಟಿಷ್ ಕೊಲಂಬಿಯ ಪ್ರಾಂತದ ಭಾರತೀಯರಿಗೆ ಮತದಾನದ ಹಕ್ಕು ದೊರೆತದ್ದೂ ಅದೇ ವರ್ಷ. 1948ರ ನವೆಂಬರಿನಲ್ಲಿ ಪದವಿಯನ್ನು ಸೇಂಟ್ ಲೋರಾಂ ಅವರಿಗೆ ವಹಿಸಿ ನಿವೃತ್ತರಾದರು. 1950ರ ಜುಲೈ 22ರಂದು ಓಟ್ಟಾವ ನಗರದ ಸಮೀಪದ ಕಿಂಗ್ಸ್‌ಮಿಯರ್ ಎಂಬ ತಮ್ಮ ತೋಟದ ಮನೆಯಲ್ಲಿ ಕೊನೆಯುಸಿರೆಳೆದರು. ಟೊರಾಂಟೊ ನಗರದಲ್ಲಿ ತಂದೆತಾಯಿಗಳ ಸಮಾಧಿಯ ಬಳಿ ಅವರನ್ನು ಮಣ್ಣುಮಾಡಲಾಯಿತು.

ಅವರು ಮದುವೆಯಾಗಲಿಲ್ಲ. ಪ್ಯಾಟ್ ಎಂಬ ನಾಯಿಯೇ ಮನೆಯ ಸಂಗಾತಿ. 1893ರಿಂದ ಸಾಯುವ ಕೆಲವು ದಿನ ಮೊದಲಿನವರೆಗೆ ಬರೆದ ದಿನಚರಿ ಸುಮಾರು 30,000 ಪುಟಗಳಷ್ಟಾಗಿತ್ತು. ಮೃತರಾದ ತಾಯಿಯೊಡನೆ, ಲೋರಿಯೇ ಅವರೊಡನೆ ಮಾಧ್ಯಮಗಳ ಮೂಲಕ ಮಾತನಾಡಲು ಯತ್ನಿಸಿದ ಸಂಗತಿಗಳೂ ಅದರಲ್ಲಿವೆ. ಬದುಕಿರುವಾಗ ಇದು ಜನಕ್ಕೆ ತಿಳಿದಿರಲಿಲ್ಲ; ತಿಳಿದ ಮೇಲೆ ಹಲವರು ನಕ್ಕರು. ತಾವು ಗುರುತು ಹಾಕಿದ ಭಾಗಗಳನ್ನು ಬಿಟ್ಟು ಉಳಿದುದನ್ನು ನಾಶಮಾಡಬೇಕೆಂದು ಅವರು ಮರಣಪತ್ರದಲ್ಲಿ ತಿಳಿಸಿದ್ದರು. ಯಾವ ಗುರುತೂ ಇರಲಿಲ್ಲ. ಮರಣಪತ್ರದ ನಿರ್ವಾಹಕರು ಏನು ಮಾಡಬೇಕೆಂದು ಬಹುಕಾಲ ಯೋಚಿಸಿ, ಕೊನೆಗೆ ಅದನ್ನು ಉಳಿಸಿಕೊಂಡರು. ರಾಲ್ಸ್‌ಟನ್ ಅವರ ಪತ್ರವನ್ನು ಹೊರತೆಗೆದ ದಿನದ ಬರಹವೂ, ಜೂನ್ 6ರ ಬರಹವೂ ಇಂದು ಓಟ್ಟಾವದ ಪತ್ರಾಗಾರದಲ್ಲಿ ಯಾರು ಬೇಕಾದರೂ ಓದಬಹುದಾದಂತೆ ಇವೆ.